ಬ್ಯಾಟರಿ ಕೋಣೆಯಲ್ಲಿಟ್ಟ ಹಗ್ಗ

ಚಳ್ಳಕೆರೆಯಲ್ಲಿ ಬಾಡಿಗೆಗೆ ಸಿಗದ ಸಾಮಾನು ಇಲ್ಲ. ಬೋರಿನಿಂದ ಮೋಟಾರು ಎತ್ತುವ ಚೈನ್ ಪುಲ್ಲಿ, ಔಷಧಿ ಹೊಡೆಯುವ ಪಂಪು, ಮದುವೆಯ ಪಾತ್ರೆ, ಶಾಮಿಯಾನ, ಜನರೇಟರು, ಕೊನೆಗೆ ಹೆಣ ಇಡುವ ಐಸ್ ಪೆಟ್ಟಿಗೆ ಕೂಡ. ವರ್ಷಕ್ಕೆ ಎರಡು ಸಲ ಬೇಕಾಗುವ ವಸ್ತುವನ್ನು ಕೊಂಡು ಮನೆಯಲ್ಲಿ ತುಂಬಿಕೊಳ್ಳುವವನನ್ನು ಇಲ್ಲಿ ಯಾರೂ ಜಾಣ ಅನ್ನುವುದಿಲ್ಲ. ಹಾಗಿರುವಾಗ ಬಂಡೆ ಹತ್ತುವ ಹಗ್ಗ, ಹಾರ್ನೆಸ್ಸು, ಹೆಲ್ಮೆಟ್ಟುಗಳನ್ನು ಮಾತ್ರ ಯಾಕೆ ಕೊಳ್ಳಬೇಕು, ಬಾಡಿಗೆಗೆ ಯಾಕೆ ಸಿಗಬಾರದು ಎಂಬ ಯೋಚನೆ ನನಗೆ ಬಂತು. ಯೋಚನೆ ನನ್ನದೇ. ಮುಂದೆ ಆದದ್ದಕ್ಕೆ ಬೇರೆಯವರ ಕಡೆ ಬೊಟ್ಟು ಮಾಡುವ ಮೊದಲು ಇಷ್ಟನ್ನು ಹೇಳಿಬಿಡಬೇಕು.

ಆಗ ನಾನು ಮೊಳಕಾಲ್ಮೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನೋಡಿಕೊಳ್ಳುತ್ತಿದ್ದೆ. ಪರ್ವತಾರೋಹಣದ ಕೋರ್ಸು ಮುಗಿಸಿ ಬಂದವಳು ಎಂಬ ಕಾರಣಕ್ಕೆ ಎಂಟು ಹುಡುಗಿಯರು ಭಾನುವಾರ ಬೆಳಿಗ್ಗೆ ನನ್ನ ಹಿಂದೆ ಬಂಡೆ ಹತ್ತಲು ಬರುತ್ತಿದ್ದರು. ಬಂಡೆಗಳಿಗೆ ನಮ್ಮಲ್ಲಿ ಬರವಿಲ್ಲ. ಬ್ರಹ್ಮಗಿರಿಯ ಕಡೆ ಇನ್ನೂ ಒಳ್ಳೆಯ ಬಂಡೆಗಳಿದ್ದವು, ಆದರೆ ಅಶೋಕನ ಶಾಸನ ಇರುವ ಜಾಗದ ಸುತ್ತ ಮೊಳೆ ಹೊಡೆಯುವವರ ಹಾಗೆ ಓಡಾಡುವುದು ನನಗೆ ಸರಿ ಕಾಣಲಿಲ್ಲ. ಊರಾಚೆ ಒಂದು ಬಂಡೆಯನ್ನು ಹುಡುಕಿಕೊಂಡಿದ್ದೆವು. ಹದಿನೆಂಟು ಮೀಟರ್ ಎತ್ತರ, ಮೇಲೆ ಹಗ್ಗ ಕಟ್ಟಲು ಗಟ್ಟಿಯಾದ ಎರಡು ಗುಂಡುಕಲ್ಲುಗಳು, ಕೆಳಗೆ ನೆಲ ಸಮ.

ಕಾಲೇಜಿನ ಕ್ರೀಡಾ ಸಾಮಾನಿನ ಪಟ್ಟಿಯಲ್ಲಿ ವಾಲಿಬಾಲು, ನೆಟ್ಟು, ಜಾವೆಲಿನ್ ಇದ್ದವು. ಹಗ್ಗ ಎಂದರೆ ಹಗ್ಗಜಗ್ಗಾಟದ ಹಗ್ಗ. ನಾನು ಬರೆದುಕೊಟ್ಟ ಪಟ್ಟಿ ನೋಡಿ ಪ್ರಾಂಶುಪಾಲರು, “ಇದನ್ನೆಲ್ಲ ತಗೊಂಡು ನಾನು ಎಲ್ಲಿ ಇಡ್ಲಿ ಮೇಡಂ?” ಎಂದರು. ಅದೇ ಸಮಯಕ್ಕೆ ಎಲ್ಲೋ ಒಂದು ಸಾಹಸ ಶಿಬಿರ ಮುಚ್ಚಿ ಅವರ ಸಾಮಾನು ಮಾರಾಟಕ್ಕೆ ಬಂತು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಬೀದಿಯಲ್ಲಿ ಟ್ರ್ಯಾಕ್ಟರಿನ ಬ್ಯಾಟರಿ ರಿಪೇರಿ ಮಾಡುತ್ತ, ಪುಲ್ಲಿ ಪಂಪುಗಳನ್ನು ಬಾಡಿಗೆಗೆ ಕೊಡುತ್ತಿದ್ದ ಚಾಚಾ ಒಬ್ಬರಿದ್ದರು. ಅವರನ್ನು ಹಿಡಿದು ಒಪ್ಪಿಸಿದೆ. “ಇದನ್ನ ಯಾರು ಕೇಳ್ತಾರೆ ಮೇಡಂ?” ಅಂದರು. “ನಾನು ಕೇಳ್ತೀನಿ” ಅಂದೆ. ಐವತ್ತು ಮೀಟರಿನ ಒಂದು ಹಗ್ಗ, ಸೊಂಟಕ್ಕೆ ಕಟ್ಟಿಕೊಳ್ಳುವ ಎಂಟು ಹಾರ್ನೆಸ್ಸು, ಹೆಲ್ಮೆಟ್ಟುಗಳು, ಕಬ್ಬಿಣದ ಕೊಂಡಿಗಳು, ಬಂಡೆಗೆ ಸುತ್ತುವ ಪಟ್ಟಿಗಳು. ಹಗ್ಗಕ್ಕೆ ಇನ್ನೂ ಕಂಪನಿಯ ಚೀಟಿ ಅಂಟಿಕೊಂಡೇ ಇತ್ತು. ಅಂಗಡಿಯ ಮುಂದೆ ಚಾಪೆ ಹಾಸಿ, ಐವತ್ತು ಮೀಟರನ್ನೂ ಬೆರಳ ಸಂದಿಯಲ್ಲಿ ಹಾಯಿಸಿ ನೋಡಿದೆ. ಎಲ್ಲೂ ಉಬ್ಬಿಲ್ಲ, ಎಲ್ಲೂ ಮೆತ್ತಗಿಲ್ಲ.

ಮೊದಲ ತಿಂಗಳಲ್ಲೇ ಬಂಡೆಗೆ ಸುತ್ತುವ ಒಂದು ಪಟ್ಟಿಯನ್ನು ಇಲಿ ಕಡಿಯಿತು. ಪಕ್ಕದಲ್ಲೇ ಶೇಂಗಾ ಗೋದಾಮು, ಇಲಿಗಳು ಬೆಕ್ಕಿನ ಗಾತ್ರ. ನಾನು ಅಂಗಡಿಯ ಮುಂದೆ ನಿಂತು ಗಿರಾಕಿಗಳ ಎದುರಿಗೇ ಚಾಚಾನನ್ನು ತರಾಟೆಗೆ ತೆಗೆದುಕೊಂಡೆ. ನನ್ನ ಬಾಯಿ ಒಳ್ಳೆಯದಲ್ಲ, ಮನೆಯಲ್ಲೂ ಅದೇ ದೂರು. “ಇಲಿ ಕಡಿದಿದ್ದು ಹಗ್ಗ ಆಗಿದ್ರೆ? ಹುಡುಗಿ ಬಿದ್ರೆ ನೀವು ಬರ್ತೀರಾ ಹಿಡಿಯೋಕೆ? ಇನ್ನೊಂದು ಸಲ ಹಿಂಗಾದ್ರೆ ನಿಮ್ಮ ಸಾಮಾನೇ ಬೇಡ” ಅಂದೆ. ಅವರು ತಲೆ ತಗ್ಗಿಸಿ, “ಜಾಗ ಬದಲಾಯಿಸ್ತೀನಿ ಮೇಡಂ, ಇಲಿ ಸುಳಿಯದೇ ಇರೋ ಜಾಗ ಐತೆ” ಎಂದರು. ಯಾವ ಜಾಗ ಎಂದು ನಾನು ಕೇಳಲಿಲ್ಲ. ಬೈದ ಮೇಲೆ ಹೊರಟುಬಿಡುವುದು ನನ್ನ ಅಭ್ಯಾಸ.

ಆಮೇಲೆ ಸಾಮಾನು ಬರುತ್ತಿದ್ದುದು ಬಸ್ಸಿನಲ್ಲಿ. ಶನಿವಾರ ಸಂಜೆ ಚಾಚಾ ಗೋಣಿಚೀಲವನ್ನು ಮೊಳಕಾಲ್ಮೂರಿನ ಬಸ್ಸಿಗೆ ಹಾಕುತ್ತಿದ್ದರು, ನಾನು ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಿದ್ದೆ. ಸೋಮವಾರ ಅದೇ ಬಸ್ಸಿನಲ್ಲಿ ವಾಪಸ್ಸು. ಪ್ರತಿ ಭಾನುವಾರ ಹಗ್ಗವನ್ನು ಬೆರಳಲ್ಲಿ ಹಾಯಿಸುತ್ತಿದ್ದೆ, ಆದರೆ ಮೊದಲ ದಿನದಷ್ಟು ನಿಧಾನವಾಗಿ ಅಲ್ಲ. ಎರಡನೆಯದೋ ಮೂರನೆಯದೋ ಭಾನುವಾರ ಚೀಲ ಬಿಚ್ಚಿದಾಗ ಹುಳಿ ವಾಸನೆ ಬಂತು. ಡಿಕ್ಕಿಯಲ್ಲಿ ಯಾರೋ ಹುಣಸೆಹಣ್ಣು ಸಾಗಿಸಿರಬೇಕು ಅಂದುಕೊಂಡೆ. ಆ ದಿನವೇ ಎಂಟು ಜನರಲ್ಲಿ ಒಬ್ಬಳಾದ ದೇವಸಮುದ್ರದ ಹುಡುಗಿ ಹನ್ನೆರಡು ಮೀಟರಿನ ಹತ್ತಿರ ಕಾಲು ಜಾರಿ, ಒಂದು ಮಾರು ಕೆಳಗೆ ಬಿದ್ದು, ಹಗ್ಗದಲ್ಲಿ ನೇತಾಡಿ ನಕ್ಕಳು.

ಆ ಹುಡುಗಿಯ ಬಗ್ಗೆ ಹೇಳಬೇಕು. ಅವಳ ಅವ್ವ ಕುರಿ ಮೇಯಿಸುವವಳು. ಮರಿಗಳ ಹಿಂದೆ ಬಂಡೆ ಹತ್ತಿ ಬೆಳೆದ ಹುಡುಗಿಗೆ ನಾನು ಕಲಿಸಿದ್ದು ಗಂಟು ಹಾಕುವುದನ್ನು ಮಾತ್ರ. ಹಿಮಾಲಯದಲ್ಲಿ ನಡೆಯುವ ಪರ್ವತಾರೋಹಣದ ಮೊದಲ ಹಂತದ ಕೋರ್ಸಿಗೆ ಹುಡುಗಿಯರನ್ನು ಆರಿಸಿ ಕಳಿಸುವ ಒಂದು ಯೋಜನೆ ಇತ್ತು. ಆಯ್ಕೆಯಾದರೆ ಖರ್ಚೆಲ್ಲ ಯೋಜನೆಯದೇ. ಆ ಪ್ರಮಾಣಪತ್ರ ಇದ್ದರೆ ಮುಂದೆ ತರಬೇತುದಾರಳ ಕೆಲಸಕ್ಕೆ ಅರ್ಜಿ ಹಾಕಬಹುದು. ನಡುವೆ ಎರಡು ವರ್ಷ ಓದು ಬಿಟ್ಟು ಕುರಿ ಕಾದಿದ್ದರಿಂದ ಅವಳಿಗೆ ವಯಸ್ಸಿನ ಮಿತಿಯಲ್ಲಿ ಇದೇ ಕೊನೆಯ ವರ್ಷ. ಉಳಿದ ಏಳು ಜನಕ್ಕೆ ಮುಂದಿನ ವರ್ಷ ಇತ್ತು. ಅವಳಿಗೆ ಇರಲಿಲ್ಲ.

ಆ ಆಯ್ಕೆಯ ಪರೀಕ್ಷಕರು ಬರುವುದು ಒಂದು ಶನಿವಾರ ಎಂದು ಪತ್ರ ಬಂತು. ಬೆಳಿಗ್ಗೆ ಹತ್ತಕ್ಕೆ ಬಂಡೆಯ ಹತ್ತಿರ ಪರೀಕ್ಷೆ, ಮಧ್ಯಾಹ್ನ ಎರಡಕ್ಕೆ ಅವರು ಬಳ್ಳಾರಿಗೆ ಹೊರಡುತ್ತಾರೆ, ಸಲಕರಣೆ ಸ್ಥಳೀಯರೇ ಒದಗಿಸಬೇಕು. ಪೂರ್ತಿ ಸಾಮಾನು ಬೇಕಾಗಿದ್ದರಿಂದ ಶುಕ್ರವಾರ ನಾನೇ ಚಳ್ಳಕೆರೆಗೆ ಹೋದೆ. ಚಾಚಾ ಜುಮ್ಮಾ ನಮಾಜಿಗೆ ಹೊರಟಿದ್ದರು. ಫೋನಿನಲ್ಲಿ, “ಬೀಗದ ಕೈ ಟೀ ಅಂಗಡೀಲಿ ಐತೆ ಮೇಡಂ. ಒಳಗಿನ ಕೋಣೆ ತೆಗೀರಿ, ಗೋಡೆಗೆ ತೂಗು ಹಾಕೀನಿ. ನಾನು ಬರೋವರೆಗೂ ಟೀ ಕುಡೀರಿ” ಅಂದರು.

ಒಳಗಿನ ಕೋಣೆಯ ಬಾಗಿಲು ತೆಗೆದ ಕೂಡಲೇ ಮೂಗು ಉರಿಯಿತು. ಅದೇ ಹುಳಿ ವಾಸನೆ. ನೆಲದ ಮೇಲೆ ಸಾಲಾಗಿ ಒಂಬತ್ತು ಬ್ಯಾಟರಿಗಳು ಮುಚ್ಚಳ ತೆಗೆದುಕೊಂಡು ಚಾರ್ಜಿಗೆ ಕೂತಿದ್ದವು. ಒಳಗಿನ ಆಸಿಡ್ ಕುದಿಯುವ ಹಾಗೆ ಗುಳುಗುಳು ಎನ್ನುತ್ತಿತ್ತು. ಅದರ ಮೇಲೆ, ಗೋಡೆಯ ಗೂಟಕ್ಕೆ, ಬಿಳಿ ಬೆಡ್‌ಶೀಟಿನಲ್ಲಿ ಸುತ್ತಿ ತೊಟ್ಟಿಲಿನ ಕೂಸಿನ ಹಾಗೆ ತೂಗು ಹಾಕಿದ್ದು ನಮ್ಮ ಹಗ್ಗ. ಬೆಡ್‌ಶೀಟಿನ ಕೆಳಭಾಗ ಜರಡಿಯಾಗಿತ್ತು. ಬೆರಳು ಮುಟ್ಟಿಸಿದರೆ ಬಟ್ಟೆ ಪುಡಿಯಾಗಿ ಉದುರಿತು.

ನಮಗೆ ಕೋರ್ಸಿನಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ಹಗ್ಗವನ್ನು ಬಿಸಿಲಿಗೆ ಹಾಕಬೇಡಿ, ತುಳಿಯಬೇಡಿ, ಎಲ್ಲಕ್ಕಿಂತ ಮುಖ್ಯವಾಗಿ ಬ್ಯಾಟರಿ ಇಟ್ಟ ಜಾಗದಲ್ಲಿ ಒಂದು ದಿನ ಕೂಡ ಇಡಬೇಡಿ. ಆಸಿಡ್ ನೈಲಾನನ್ನು ತಿನ್ನುತ್ತದೆ. ಹೊರಗಿನಿಂದ ಏನೂ ಕಾಣದೇ ಇರಬಹುದು. ನಾನು ಹಗ್ಗವನ್ನು ಎದೆಗೆ ಅವಚಿಕೊಂಡು ಬೀದಿಗೆ ಓಡಿಬಂದೆ. ನೇತಾಡುತ್ತ ನಕ್ಕ ಹುಡುಗಿಯ ಮುಖ ಕಣ್ಣ ಮುಂದೆ ಬಂತು.

ಚಾಚಾ ಬಂದಾಗ ನಾನು ಅಂಗಡಿಯ ಕಟ್ಟೆಯ ಮೇಲೆ ಹಗ್ಗ ಹರಡಿಕೊಂಡು ಕೂತಿದ್ದೆ. ಒಂದು ಕಡೆ ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ ಕಂದು ಬಣ್ಣದ ಕಲೆ, ಅಲ್ಲಿ ಹೊರಗಿನ ಸಿಪ್ಪೆ ಸ್ವಲ್ಪ ಬಿರುಸು. ಬೇರೆಲ್ಲ ಹೊಸದರ ಹಾಗೇ ಇತ್ತು.

“ಆ ಕೋಣೇಲಿ ಯಾಕೆ ಇಟ್ರಿ ಚಾಚಾ?”

“ಅಲ್ಲಿ ಇಲಿ ಬರಲ್ಲ ಮೇಡಂ. ಆಸಿಡ್ ವಾಸ್ನೆಗೆ ಒಂದು ಇಲಿಯೂ ಸುಳಿಯಲ್ಲ. ನೀವೇ ಬೈದಿದ್ರಲ್ಲ.” ಅವರಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. ನಾನು ಹೇಳಿದಾಗ ನಂಬಲಿಲ್ಲ. ತಮ್ಮ ಪ್ಯಾಂಟು ಹಿಡಿದು ತೋರಿಸಿದರು. “ಆಸಿಡ್ ತಿನ್ನೋದು ಹತ್ತೀನ ಮೇಡಂ. ಅದಕ್ಕೇ ಬ್ಯಾಟ್ರಿ ಕೆಲ್ಸದವ್ರು ಯಾರೂ ಹತ್ತಿ ಬಟ್ಟೆ ಹಾಕಲ್ಲ. ಇದು ಪಾಲಿಸ್ಟರು, ಇದಕ್ಕೆ ಇಷ್ಟು ವರ್ಷ ಏನೂ ಆಗಿಲ್ಲ. ನಿಮ್ಮ ಹಗ್ಗಾನೂ ಹತ್ತಿ ಅಲ್ಲವಲ್ಲ!”

ಅವರ ಲೆಕ್ಕ ತಪ್ಪೂ ಅಲ್ಲ. ಪಾಲಿಸ್ಟರು ತಡೆಯುತ್ತದೆ, ನೈಲಾನು ತಡೆಯುವುದಿಲ್ಲ. ಎರಡೂ ನೋಡಲು ಒಂದೇ. ಈ ಒಂದು ವಾಕ್ಯವನ್ನು ನಾನು ಆ ದಿನ ಬೈಯುವ ಬದಲು ಹೇಳಿದ್ದರೆ ಸಾಕಿತ್ತು.

ಅವರು ಮಾತು ಬಿಟ್ಟು ಕೆಲಸಕ್ಕೆ ಇಳಿದರು. ಅಂಗಡಿಯ ತೊಲೆಗೆ ಹಗ್ಗ ಹಾಕಿ, ರಿಪೇರಿಗೆ ಬಂದಿದ್ದ ಡೀಸೆಲ್ ಪಂಪಿನ ಎಂಜಿನ್ನನ್ನು ಕಲೆ ಇದ್ದ ಜಾಗದ ಕೆಳಗೆ ಕಟ್ಟಿ ಎತ್ತಿದರು. ಮೂರು ಆಳು ಎತ್ತುವ ಭಾರ. ಹಗ್ಗ ಸ್ವಲ್ಪ ಹಿಗ್ಗಿ ನಿಂತಿತು. ಅಲುಗಾಡಲಿಲ್ಲ. ಟೀ ಅಂಗಡಿಯವನು, ಗೋದಾಮಿನ ಹಮಾಲರು ಎಲ್ಲ ಬಂದು ನೋಡಿದರು. “ನೋಡ್ರಿ ಮೇಡಂ, ಕಸಮ್ ಸೇ, ಎಂಜಿನ್ನೇ ತಡೀತೈತೆ. ನಿಮ್ಮ ಹುಡುಗಿ ಎಷ್ಟು ತೂಕ?”

ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೆ ಅದನ್ನು ನಂಬಬೇಕು ಅನ್ನಿಸಿತು. ತುಂಬ ಅನ್ನಿಸಿತು. ಒಂದು ದಿನದ ಮಾತು, ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಆಮೇಲೆ ಬೇಕಾದರೆ ಸುಟ್ಟುಹಾಕೋಣ. ಆದರೆ ಸುಮ್ಮನೆ ತೂಗುವ ಎಂಜಿನ್ನು ಬೇರೆ, ಬೀಳುವ ಮನುಷ್ಯ ಬೇರೆ ಎಂದು ಗೊಣಗಿದೆ. ಬಿದ್ದಾಗ ಹಗ್ಗಕ್ಕೆ ಒಂದೇ ಏಟಿಗೆ ಜಗ್ಗು ಬೀಳುತ್ತದೆ. ಎಂಜಿನ್ನು ಅದನ್ನು ಹೇಳುವುದಿಲ್ಲ. ಒಳಗಿನ ತಿರುಳು ಹೇಗಿದೆ ಎಂದು ತಿಳಿಯಬೇಕಾದರೆ ಕತ್ತರಿಸಿ ನೋಡಬೇಕು. ಕತ್ತರಿಸಿದರೆ ನಾಳೆಗೆ ಹಗ್ಗ ಇರುವುದಿಲ್ಲ.

ಮೊದಲು ಬೇರೆ ಹಗ್ಗ ಹುಡುಕೋಣ ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತೇ ಫೋನು ಹಿಡಿದೆ. ಹಂಪಿಯ ಕಡೆ ಬಂಡೆ ಹತ್ತಿಸುವವನೊಬ್ಬ ಗೊತ್ತಿದ್ದ. ಅವನ ಬಳಿ ಬಿದ್ದವರಿಗೆ ಪೆಟ್ಟಾಗದಂತೆ ಕೆಳಗೆ ಹಾಸುವ ದಪ್ಪ ಹಾಸಿಗೆಗಳಿದ್ದವು, ಹಗ್ಗಗಳು ಬಾದಾಮಿಗೆ ಹೋಗಿದ್ದವು. ಬಾದಾಮಿಯವನು, “ಕಳಿಸ್ತೀನಿ, ನಾಳೆ ಸಂಜೆ ಮುಟ್ತೈತಿ” ಎಂದ. ನನಗೆ ಬೇಕಿದ್ದುದು ನಾಳೆ ಬೆಳಿಗ್ಗೆ. ಚಾಚಾನ ಬೈಕಿನ ಹಿಂದೆ ಕೂತು, ದೇವಸಮುದ್ರದ ಹುಡುಗಿಗೆ ಇದೇ ಕೊನೆಯ ವರ್ಷ ಎಂದು ಅವರಿಗೆ ಹೇಳುತ್ತ ಅಗ್ನಿಶಾಮಕ ಠಾಣೆಗೆ ಹೋದೆ. ಅಲ್ಲಿಯವರು ಮರ್ಯಾದೆಯಿಂದ ಕೂರಿಸಿ, ಮೇಲಿನಿಂದ ಆದೇಶ ಬಾರದೆ ಒಂದು ಗುಂಡುಪಿನ್ನೂ ಹೊರಗೆ ಕೊಡುವಂತಿಲ್ಲ ಎಂದು ವಿವರಿಸಿದರು. ಗಾಳಿಯಂತ್ರದ ಕಂಬ ಹತ್ತಿ ರಿಪೇರಿ ಮಾಡುವ ತಂಡವೊಂದು ಲಾಡ್ಜಿನಲ್ಲಿ ಇಳಿದಿದೆ ಎಂದು ಯಾರೋ ಹೇಳಿದರು. ಓಡಿದೆವು. ಅವರ ಮೇಸ್ತ್ರಿ ನನ್ನ ಹಗ್ಗದ ಕಥೆ ಕೇಳಿ ಕಣ್ಣು ದೊಡ್ಡದು ಮಾಡಿ, “ಹಂಗಾರೆ ನಿಮಗೆ ಗೊತ್ತೈತಲ್ಲ ಮೇಡಂ, ನಮ್ಮ ಹಗ್ಗ ಇನ್ನೊಬ್ರ ಕೈಗೆ ಹೋದ್ರೆ ಮತ್ತೆ ನಾವು ಅದರಾಗೆ ಇಳಿಯಂಗಿಲ್ಲ” ಎಂದ. ಅವನು ಹೇಳಿದ್ದು ನ್ಯಾಯವಾಗಿತ್ತು. ನನಗೆ ಅಳು ಬಂತು.

ಚಾಚಾ ಕೊನೆಗೆ, “ಬಾವಿ ತೋಡೋವ್ರ ಹಗ್ಗ ತಂದುಕೊಡ್ಲಾ? ದಪ್ಪ ಐತೆ” ಎಂದರು. ಅದು ಒಂದು ಚೂರೂ ಹಿಗ್ಗದ ಹಗ್ಗ. ಬಿದ್ದವರ ಸೊಂಟ ಮುರಿಯುತ್ತದೆ. ಬೇಡ ಅಂದೆ.

ಅಂಗಡಿಗೆ ವಾಪಸ್ಸು ಬಂದಾಗ ಐದು ಗಂಟೆ. ಹಗ್ಗ ಕಟ್ಟೆಯ ಮೇಲೆ ಅಲ್ಲೇ ಬಿದ್ದಿತ್ತು. ನೋಡಿದಷ್ಟೂ ಚೆನ್ನಾಗಿ ಕಾಣುತ್ತಿತ್ತು. ಇನ್ನು ಒಂದು ಗಂಟೆ ಅದು ನನ್ನ ಕಣ್ಣ ಮುಂದೆ ಹೀಗೇ ಇದ್ದರೆ ನಾನು ಅದನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತುತ್ತೇನೆ ಎಂದು ನನಗೆ ಖಾತ್ರಿಯಾಯಿತು. ಆ ಹೆದರಿಕೆಯಿಂದಲೇ, “ಚಾಚಾ, ಕತ್ತರಿ ಕೊಡಿ” ಅಂದೆ.

ಅವರು ಕೇಬಲ್ ಕತ್ತರಿಸುವ ದೊಡ್ಡ ಕತ್ತರಿ ತಂದರು, ಆದರೆ ಕೈಗೆ ಕೊಡಲಿಲ್ಲ. “ಒಳಗೆ ಚೆನ್ನಾಗಿದ್ರೆ?”

“ಚೆನ್ನಾಗಿದ್ರೂ ಹೋಯ್ತು.”

“ಆ ದೇವಸಮುದ್ರದ ಹುಡುಗಿ?”

ನಾನು ಅವರ ಕೈಯಿಂದ ಕತ್ತರಿ ಕಿತ್ತುಕೊಂಡು ಕಲೆ ಇದ್ದ ಜಾಗದಲ್ಲಿ ಒತ್ತಿದೆ. ಎರಡು ಸಲ ಒತ್ತಬೇಕಾಯಿತು. ಹೊರಗಿನ ಸಿಪ್ಪೆಯನ್ನು ಹಿಂದಕ್ಕೆ ಸರಿಸಿ ಒಳಗಿನ ಎಳೆಗಳನ್ನು ಬಿಡಿಸಿದೆ.

ಬೆಳ್ಳಗಿದ್ದವು. ಹಾಲಿನಷ್ಟು ಬಿಳಿ. ಒಂದೊಂದನ್ನೇ ಬೆರಳಿಗೆ ಸುತ್ತಿ ಎಳೆದೆ, ಬೆರಳು ಕೆಂಪಾಯಿತು, ಎಳೆ ಹರಿಯಲಿಲ್ಲ. ಇನ್ನೊಂದು ಕಡೆ ಕತ್ತರಿಸಿದೆ. ಅಲ್ಲೂ ಬಿಳಿ. ಮೂರನೆಯ ಕಡೆಯೂ ಅಷ್ಟೇ. ಚಾಚಾ ಬಗ್ಗಿ ಕೆಳಗೆ ಬಿದ್ದ ತುಂಡುಗಳನ್ನು ಆರಿಸತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು. ಕೆಟ್ಟಿದೆ ಎಂಬುದಕ್ಕೆ ನನ್ನ ಬಳಿ ಈಗ ಯಾವ ಸಾಕ್ಷಿಯೂ ಇರಲಿಲ್ಲ, ಚೆನ್ನಾಗಿದೆ ಎಂಬ ಧೈರ್ಯವೂ ಇರಲಿಲ್ಲ. “ಉಳಿದದ್ದನ್ನೂ ಒಂದೊಂದು ಮಾರಿಗೆ ತುಂಡು ಮಾಡಿಬಿಡಿ, ಯಾರೂ ಎತ್ಕೊಂಡು ಹೋಗಿ ಬಳಸಬಾರದು” ಎಂದು ಹೇಳಿ, ಅದೇ ಕೋಣೆಯಲ್ಲಿದ್ದ ಹಾರ್ನೆಸ್ಸುಗಳನ್ನೂ ಮುಟ್ಟದೆ ಖಾಲಿ ಕೈಯಲ್ಲಿ ಬಸ್ಸು ಹತ್ತಿದೆ.

ಬೆಳಿಗ್ಗೆ ಎಂಟೂ ಜನ ಬಂಡೆಯ ಕೆಳಗೆ ಕಾಯುತ್ತಿದ್ದರು. ದೇವಸಮುದ್ರದ ಹುಡುಗಿ ಮೊದಲ ಬಸ್ಸಿಗೆ ಬಂದು ಗುಂಡುಗಳ ಸುತ್ತ ಕಸ ಗುಡಿಸಿಟ್ಟಿದ್ದಳು. ಪರೀಕ್ಷಕರು ಹತ್ತಕ್ಕೆ ಸರಿಯಾಗಿ ಬಂದರು, ಸೈನ್ಯದಿಂದ ನಿವೃತ್ತರಾದ ಮೆದು ಮಾತಿನವರು. ನಾನು ಎಲ್ಲರ ಎದುರಿಗೆ ನಡೆದದ್ದನ್ನೆಲ್ಲ ಹೇಳಿದೆ. ಇಲಿ, ಬೈಗುಳ, ಬ್ಯಾಟರಿ, ಬಿಳಿ ಎಳೆ, ಯಾವುದನ್ನೂ ಮುಚ್ಚಿಡಲಿಲ್ಲ. ಅವರು, “ನಾನಾಗಿದ್ರೂ ಕತ್ತರಿಸ್ತಿದ್ದೆ ಮೇಡಂ. ಆದ್ರೆ ಕಣ್ಣಲ್ಲಿ ನೋಡದೇ ಇದ್ದದ್ದಕ್ಕೆ ಅಂಕ ಹಾಕೋಕೆ ಆಗಲ್ಲ” ಎಂದರು. ಇನ್ನೊಂದು ದಿನ ಕೊಡಿ ಎಂದು ಕೈ ಮುಗಿದೆ. ಅಂಕಗಳ ಪಟ್ಟಿ ಸೋಮವಾರ ಹೋಗಬೇಕು, ಭಾನುವಾರ ಬಳ್ಳಾರಿಯಲ್ಲಿ ಬೇರೆ ಹುಡುಗಿಯರು ಕಾಯುತ್ತಿರುತ್ತಾರೆ ಎಂದರು. ಗಂಟುಗಳನ್ನು ಕೇಳಿದರು, ಓಟ ನೋಡಿದರು, ಆಳೆತ್ತರದ ಗುಂಡಿನ ಮೇಲೆ ಹತ್ತಿಸಿದರು. ಬಂಡೆ ಹತ್ತಿದ್ದಕ್ಕೆ ಅಂಕ ಹಾಕುವ ಕಾಲಂ ಎಂಟೂ ಹೆಸರುಗಳ ಮುಂದೆ ಖಾಲಿ ಉಳಿಯಿತು.

ಜೀಪು ಹೋದ ಮೇಲೆ ಉಳಿದವರು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅವಳು ಹೋಗಲಿಲ್ಲ.

“ಒಳಗೆ ಬೆಳ್ಳಗೇ ಇತ್ತು ಅಂದ್ರಲ್ಲ ಮಿಸ್?”

“ಹೂಂ.”

“ಹಂಗಾರೆ ತಡೀತಿತ್ತು.”

“ಗೊತ್ತಿಲ್ಲ.”

“ಗೊತ್ತಿಲ್ದೆ ಯಾಕ್ ಕತ್ತರಿಸಿದ್ರಿ?” ಅವಳ ದನಿ ಏರಿತು. “ಇಷ್ಟು ವಾರ ತಡೀಲಿಲ್ವಾ? ನಾನು ಬಿದ್ದಾಗ ತಡೀಲಿಲ್ವಾ? ಇವತ್ತೊಂದು ದಿನ ಬಿಟ್ಟಿದ್ರೆ ನಿಮ್ಮದೇನು ಹೋಗ್ತಿತ್ತು? ಬಿದ್ರೆ ನಾನ್ ತಾನೆ ಬೀಳ್ತಿದ್ದೆ!”

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಬಂದವರ ಜೊತೆ ನಾನು ಬಂಡೆಯ ಬುಡದಲ್ಲಿ ಕೂತು ಗಂಟು ಹಾಕಿಸುತ್ತಿದ್ದೆ. ಮೂರನೆಯ ವಾರ ನಾನೂ ಹೋಗಲಿಲ್ಲ. ಇಷ್ಟು ವರ್ಷ ಕಲಿತದ್ದರಿಂದ ಒಬ್ಬ ಹುಡುಗಿಯ ದಾರಿ ಮುಚ್ಚಿದ್ದು ಬಿಟ್ಟು ಬೇರೇನು ಮಾಡಿದೆ ಎಂದು ಯೋಚಿಸುತ್ತ ಮನೆಯಲ್ಲಿ ಬಿದ್ದುಕೊಂಡಿದ್ದೆ.

ಆ ವಾರವೇ ಚಾಚಾನ ಫೋನು ಬಂತು. ಅವರಿಗೂ ಆ ಬಿಳಿ ಎಳೆ ನಿದ್ದೆ ಕೆಡಿಸಿತ್ತು. ಮೆಕ್ಯಾನಿಕ್ಕು ತಾನೆ, ತಮ್ಮದೇ ಪರೀಕ್ಷೆ ಮಾಡಿದ್ದರು. ಒಂದು ಮಾರಿನ ತುಂಡುಗಳನ್ನು ಒಂದೊಂದಾಗಿ ತೊಲೆಗೆ ಕಟ್ಟಿ, ಇನ್ನೊಂದು ತುದಿಗೆ ಅದೇ ಎಂಜಿನ್ನು ಕಟ್ಟಿ, ಈ ಸಲ ಸುಮ್ಮನೆ ತೂಗು ಹಾಕದೆ ಮೊಣಕಾಲೆತ್ತರಕ್ಕೆ ಎತ್ತಿ ಬೀಳಿಸಿದ್ದರು. ನಾನು ಎಂಜಿನ್ನು ಬೇರೆ ಮನುಷ್ಯ ಬೇರೆ ಎಂದು ಗೊಣಗಿದ್ದನ್ನು ಅವರು ಕಿವಿಯಲ್ಲಿಟ್ಟುಕೊಂಡಿದ್ದರು.

“ಎಲ್ಲಾ ತಡೆದ್ವು ಮೇಡಂ,” ಎಂದರು. ಹಾಗಾದರೆ ಸುಮ್ಮನೆ ಕತ್ತರಿಸಿದೆ ಎಂದುಕೊಂಡೆ. ಅವರು ಮಾತು ಮುಗಿಸಿರಲಿಲ್ಲ. “ಎರಡು ಬಿಟ್ಟು. ಎರಡು ತುಂಡು ಗಂಟಿನ ಹತ್ರ ಅಲ್ಲ, ನಡುವೆ ಪಟ್ ಅಂತ ಹೋದ್ವು. ಕಲೆ ಗಿಲೆ ಏನೂ ಇರ್ಲಿಲ್ಲ ಅಲ್ಲಿ. ನೆಲದ ಕಲ್ಲು ಒಡೆದೈತೆ. ಬಸ್ಸಿಗೆ ಹಾಕ್ತೀನಿ, ನೀವೇ ನೋಡ್ರಿ.” ಆಮೇಲೆ ಅವರು ಅತ್ತರು. ಇಷ್ಟು ವಯಸ್ಸಿನವರು ಫೋನಿನಲ್ಲಿ ಅಳುವುದನ್ನು ನಾನು ಅದೇ ಮೊದಲು ಕೇಳಿದ್ದು.

ಹರಿದ ತುಂಡುಗಳನ್ನು ಅವರು ಬಸ್ಸಿಗೆ ಹಾಕಿದರು. ಮರುದಿನ ನಾನು ದೇವಸಮುದ್ರಕ್ಕೆ ಹೋದೆ. ಹುಡುಗಿ ಕುರಿ ಹಟ್ಟಿಯ ಹತ್ತಿರ ಮರಿಯೊಂದಕ್ಕೆ ಸೀಸೆಯಲ್ಲಿ ಹಾಲು ಕುಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು ಮತ್ತೆ ಮರಿಯ ಕಡೆ ತಿರುಗಿದಳು. ನಾನು ಚೀಲದಿಂದ ತುಂಡುಗಳನ್ನು ತೆಗೆದು ಅವಳ ಕೈಗೆ ಕೊಟ್ಟು ಚಾಚಾ ಮಾಡಿದ್ದನ್ನು ಹೇಳಿದೆ. ಅವಳು ಹರಿದ ತುದಿಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಳೆಗಳು ಅಲ್ಲೂ ಬೆಳ್ಳಗೇ ಇದ್ದವು.

“ಇದು ಯಾವ ಜಾಗದ್ದು ಮಿಸ್? ನಡುವಿಂದಾ, ತುದೀದಾ?”

“ತಿಳೀಲಿಲ್ಲ ಕಣೇ. ತುಂಡು ಮಾಡುವಾಗ ಗುರುತು ಹಾಕಿರಲಿಲ್ಲ.”

ಅವಳು ಸೀಸೆಯನ್ನು ನೆಲಕ್ಕಿಟ್ಟಳು. ಅಷ್ಟರಲ್ಲಿ ಅವಳ ಅವ್ವ ಕೊಡ ಹೊತ್ತುಕೊಂಡು ಬೇಲಿಯ ಆಚೆಯಿಂದ, “ಯಾರೇ ಅದು, ನಿಮ್ಮ ಮಿಸ್ಸಾ? ಕುಂದ್ರಿಸೇ, ಮಜ್ಜಿಗೆ ಕೊಡೇ” ಎಂದು ಕೂಗುತ್ತ ಬಂದಳು. ಹುಡುಗಿ ಸರಕ್ಕನೆ ಎರಡೂ ತುಂಡುಗಳನ್ನು ನನ್ನ ಚೀಲದೊಳಗೆ ತುರುಕಿ ಜಿಪ್ಪು ಎಳೆದಳು.

“ನಮ್ಮವ್ವಂಗೆ ತೋರಿಸ್ಬ್ಯಾಡ್ರಿ ಮಿಸ್,” ಎಂದು ಪಿಸುಗುಟ್ಟಿದಳು. “ಆಮೇಲೆ ಬಂಡೆ ಹತ್ತಕ್ಕೆ ಬಿಡಲ್ಲ.”